ಆಫ್ರಿಕದ ಚರಿತ್ರೆಯೂ ಮಧ್ಯಯುಗದ ಪಂಡಿತರೂ

ಆಕ್ಸ್‌ಫರ್ಡಿನಲ್ಲಿ ರೀಜಿಯಸ್ ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಿದ್ದ ಹ್ಯೂ ಟ್ರೆವರ್-ರೋಪರ್ ಅವರು 1963ರಲ್ಲಿ ಸಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ, ಬಿ.ಬಿ.ಸಿ. ದೂರದರ್ಶನವೂ ಪ್ರಸಾರ ಮಾಡಿದ ಉಪನ್ಯಾಸಮಾಲೆಯ ವಸ್ತು ಕ್ರೈಸ್ತ ಯೂರೋಪಿನ ಅಭ್ಯುದಯವಾಗಿದ್ದಿತು. ಆದರೆ ಅದು ಇಂದಿಗೂ ವಿದ್ವಾಂಸರ ಬಾಯಲ್ಲಿ ಉಳಿದಿರುವುದು ಯೂರೋಪನ್ನು ಕುರಿತ ವಿವೇಚನೆಗಾಗಿ ಅಲ್ಲ, ಪೀಠಿಕೆಯಲ್ಲಿ ಆಫ್ರಿಕದ ಪ್ರಸ್ತಾಪ ಬಂದಾಗ ಅವರು ಆಡಿದ ನಾಲ್ಕು ಮಾತುಗಳಿಗಾಗಿ. ಆ ಖಂಡದಲ್ಲಿ ಸದ್ಯಕ್ಕೆ ಇರುವುದು ಅಲ್ಲಿಗೆ ಹೋದ ಯೂರೋಪಿಯನ್ನರ ಚರಿತ್ರೆಯೊಂದೇ, ಮಿಕ್ಕುದೆಲ್ಲ ಕತ್ತಲೆ, ಕತ್ತಲೆಯು ಇತಿಹಾಸದ ವಿಷಯವಾಗಲಾರದು ಎಂಬುದು ಅವರ ಅಭಿಪ್ರಾಯದ ಸಾರ. ಪಾಂಡಿತ್ಯವೂ ಗದ್ಯಕೌಶಲವೂ ಇಷ್ಟೊಂದಿದ್ದವರು ಇಂಥ ಮಾತನ್ನು ಇಷ್ಟು ನಿರಾಯಾಸವಾಗಿ ಆಡಿದರಲ್ಲಾ ಎಂದು ಆಶ್ಚರ್ಯವಾಗುತ್ತದೆ.

ಏಕೆಂದರೆ ಆ ವೇಳೆಗೆ ಆ ಕತ್ತಲೆಗೆ ವಿಶ್ವವಿದ್ಯಾನಿಲಯಗಳಲ್ಲಿ ಪೀಠ ದೊರೆತಾಗಿತ್ತು. ಲಂಡನ್ನಿನ ಪ್ರಾಚ್ಯ ಮತ್ತು ಆಫ್ರಿಕನ್ ಅಧ್ಯಯನಶಾಲೆಯು 1948ರಲ್ಲಿಯೇ ರೋಲಂಡ್ ಆಲಿವರ್ ಅವರನ್ನು ಈ ವಿಷಯಕ್ಕಾಗಿ ನಿಯಮಿಸಿಕೊಂಡಿದ್ದಿತು. ಆಲಿವರ್ ಮತ್ತು ಜಾನ್ ಫೇಜ್ ಸೇರಿ ಆಫ್ರಿಕದ ಚರಿತ್ರೆಗೆಂದೇ ಒಂದು ಪತ್ರಿಕೆಯನ್ನು 1960ರಲ್ಲಿ ಆರಂಭಿಸಿದ್ದರು. ಅದೇ 1948ರಲ್ಲಿ ನೈಜೀರಿಯದ ಇಬಾದಾನಿನಲ್ಲಿ ಸ್ಥಾಪಿತವಾದ ಕಾಲೇಜು ಲಂಡನ್ನಿನ ಪದವಿಯನ್ನೇ ಕೊಡುತ್ತಿದ್ದುದರಿಂದ, ಅಲ್ಲಿಯ ಪಾಠಪಟ್ಟಿಯಲ್ಲಿ ಊರಿನ ಚರಿತ್ರೆಗೆ ಜಾಗ ಸಂಪಾದಿಸುವುದು ಸುಲಭದ ಕೆಲಸವಾಗಿರಲಿಲ್ಲ. ಆ ಕೆಲಸದಲ್ಲಿ ಮುಂದಾದವರು ಕೆನೆತ್ ಒನ್ವುಕಾ ಡೀಕೆ. ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 1950ರಲ್ಲಿ ಮುಗಿಸಿ 1956ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನೈಜರ್ ನದಿಯ ಮುಖಜಭೂಮಿಯ ತಾಳೆಯೆಣ್ಣೆಯ ವ್ಯಾಪಾರವನ್ನು ಇಂಗ್ಲಿಷ್ ವರ್ತಕರ ಕಣ್ಣಿನಿಂದಲ್ಲ, ಬಾನಿಯಂಥ ನಗರರಾಜ್ಯಗಳ ಮನೆತನಗಳ ಒಳಗಿನಿಂದ ನೋಡಿದರು. ಗುಲಾಮನಾಗಿ ಬಂದು ಮನೆತನವೊಂದರ ಯಜಮಾನನಾಗಿ, ಬಳಿಕ ಒಪೋಬೊ ಎಂಬ ಸ್ವಂತ ಸಂಸ್ಥಾನವನ್ನೇ ಕಟ್ಟಿದ ಜಾಜಾನಂಥ ಪುರುಷರು ಅಲ್ಲಿ ಕರ್ತೃಗಳಾಗಿ ಕಾಣಿಸಿಕೊಳ್ಳುತ್ತಾರೆ. ಸರಕಾರಿ ಕಚೇರಿಗಳಲ್ಲಿ ಅಸಡ್ಡೆಯಿಂದ ಬಿದ್ದಿದ್ದ ಕಡತಗಳನ್ನು ಪರಿಶೀಲಿಸಿ ನೈಜೀರಿಯಕ್ಕೆ ಒಂದು ದಫ್ತರಖಾನೆಯಾಗುವಂತೆ ಮಾಡಿದವರೂ ಅವರೇ.

ಆದರೆ ಕಡತವೇ ಇಲ್ಲದ ನಾಡುಗಳ ಗತಿಯೇನು? ಈ ಪ್ರಶ್ನೆಗೆ ಉತ್ತರ ದೊರೆತುದು, ವಿಚಿತ್ರವೆಂದರೆ, ಯೂರೋಪಿನ ಮಧ್ಯಯುಗವನ್ನು ಓದಿಕೊಂಡವನೊಬ್ಬನಿಂದ. ಬೆಲ್ಜಿಯಮ್ಮಿನ ಲೂವೆನ್ನಿನಲ್ಲಿ ಮಧ್ಯಯುಗದ ಲ್ಯಾಟಿನ್ ಶೋಕಗೀತೆಗಳನ್ನು ಅಭ್ಯಾಸಮಾಡಿದ್ದ ಜಾನ್ ವಾನ್ಸಿನಾ ಎಂಬ ತರುಣನು ಉದ್ಯೋಗನಿಮಿತ್ತ ಕಾಂಗೋದೇಶಕ್ಕೆ ಬಂದು, 1953ರಲ್ಲಿ ಕುಬಾ ಜನರ ನಡುವೆ ನೆಲಸಿದನು. ನಮ್ಮ ವೃತ್ತಪತ್ರಿಕೆಗಳು ಕಾಗದದಲ್ಲಿಲ್ಲ, ತಲೆಯಲ್ಲಿವೆ ಎಂಬರ್ಥದ ಮಾತನಾಡಿ ಒಬ್ಬನು ಕೆಲವು ಪುಟ್ಟ ಪದ್ಯಗಳನ್ನು ಹೇಳಿದಾಗ, ಅವುಗಳ ಕಟ್ಟು ತಾನು ಲೂವೆನ್ನಿನಲ್ಲಿ ಪಾಠಾಂತರಗಳನ್ನು ಹೋಲಿಸಿ ಶೋಧಿಸುತ್ತಿದ್ದ ಗೀತೆಗಳದೇ ಎಂಬುದು ವಾನ್ಸಿನಾನಿಗೆ ಹೊಳೆಯಿತು. ಅವೂ ಪಠ್ಯಗಳು, ಅವಕ್ಕೂ ಪಾಠಾಂತರಗಳುಂಟು, ಆದುದರಿಂದ ಅವನ್ನೂ ಪರೀಕ್ಷಿಸಬಹುದು. ಹಳ್ಳಿಯಿಂದ ಹಳ್ಳಿಗೆ ಬಂದು ಒಕ್ಕಲುಗಳ ವಂಶಾವಳಿಯನ್ನು ಬಾಯಲ್ಲಿಯೇ ಹೇಳುವ ಹೆಳವರನ್ನು ಕಂಡಿರುವ ನಮಗೆ ಇದು ಅಷ್ಟೇನೂ ಹೊಸದೆನಿಸದು. ಶಾಸ್ತ್ರಕ್ಕೆ ಮಾತ್ರ ಹೊಸದೇ. ಕುಬಾ ಅರಸರ ಪರಂಪರೆಯಲ್ಲಿ ನೆನಪಾಗಿ ಉಳಿದ ಸೂರ್ಯಗ್ರಹಣವೊಂದನ್ನು 1680ರ ಗ್ರಹಣದೊಡನೆ ಹೊಂದಿಸಿ ಅವನು ಕಾಲಗಣನೆಗೆ ಒಂದು ಗೂಟ ನೆಟ್ಟನು. (ಪ್ರಾಚೀನ ದಾನಪತ್ರಗಳಲ್ಲಿ ಸಾಚಾ ಯಾವುದು, ಕೃತಕ ಯಾವುದೆಂದು ನಿರ್ಣಯಿಸುವ ಶಾಸ್ತ್ರಕ್ಕೆ ಅಡಿಗಲ್ಲಾದ ಮಾಬಿಯೋನನ ಗ್ರಂಥವು ಪ್ಯಾರಿಸಿನಲ್ಲಿ ಪ್ರಕಟವಾದುದು ಅದರ ಮರುವರ್ಷ, 1681ರಲ್ಲಿ, ಕಾಕತಾಳೀಯವಾದರೂ ಸ್ವಾರಸ್ಯವಾದುದು.)

ಈ ವಿಧಾನವನ್ನು ಪ್ರತಿಪಾದಿಸಿದ ಗ್ರಂಥವು 1961ರಲ್ಲಿ ಫ್ರೆಂಚಿನಲ್ಲಿಯೂ 1965ರಲ್ಲಿ ಇಂಗ್ಲಿಷಿನಲ್ಲಿಯೂ ಹೊರಬಂದಿತು. ಅಷ್ಟರಲ್ಲಿ ವಾನ್ಸಿನಾ ಅಮೆರಿಕದ ವಿಸ್ಕಾನ್ಸಿನ್ನಿಗೆ ಹೋಗಿ ಫಿಲಿಪ್ ಕರ್ಟಿನ್ನರ ಜತೆಯಲ್ಲಿ ಶಿಷ್ಯರನ್ನು ಸಿದ್ಧಗೊಳಿಸತೊಡಗಿದ್ದನು. ಆಕ್ಷೇಪಗಳು ಬಾರದಿರಲಿಲ್ಲ. ಅರಸರ ಪಟ್ಟಿಗಳು ಹೇಳುವವರ ಬಾಯಲ್ಲಿ ಹೇಗೆ ಉದ್ದಗೊಳ್ಳುತ್ತವೆಂಬುದನ್ನು ಡೇವಿಡ್ ಹೆನಿಗೆ ಎಂಬ ವಿದ್ವಾಂಸರು 1974ರಲ್ಲಿ ನಿರ್ದಾಕ್ಷಿಣ್ಯವಾಗಿ ತೋರಿಸಿದರು. ಆದರೆ ಕಲಬೆರಕೆಯುಂಟೆಂದ ಮಾತ್ರಕ್ಕೆ ಆಕರವನ್ನೇ ಎಸೆಯಬೇಕಾಗಿಲ್ಲ. ಭೂಮಿಯ ಆಸೆಗೆ ದಾನಪತ್ರಗಳನ್ನು ತಾವೇ ಬರೆದುಕೊಂಡ ಯೂರೋಪಿನ ಮಠಗಳ ಲೇಖನಗಳನ್ನು ಮಧ್ಯಯುಗದ ಪಂಡಿತರು ಬಿಸಾಡಲಿಲ್ಲ, ಸೋಸಿದರು; ವಾನ್ಸಿನಾ ಸಹ ತನ್ನ ಸಿದ್ಧಾಂತವನ್ನು ಬಹಳ ಮಟ್ಟಿಗೆ ಬದಲಿಸಿ 1985ರಲ್ಲಿ ಅದೇ ವಿಷಯದ ಮೇಲೆ ಬೇರೊಂದು ಗ್ರಂಥವನ್ನೇ ಬರೆದನು.