ಆಟಿಸಂ ಮಕ್ಕಳ ಪೋಷಕರ ಓದು, ಆದಾಯ: ಬೀದರ್, ಭಾಲ್ಕಿ, ಔರಾದ್

ಮಗುವಿನ ಆಟಿಸಂ ಯಾವ ವಯಸ್ಸಿನಲ್ಲಿ ಗುರುತಾಗುತ್ತದೆ, ಆಮೇಲೆ ಅದಕ್ಕೆ ಎಷ್ಟು ತರಬೇತಿ ದಕ್ಕುತ್ತದೆ ಎಂಬುದು ಬಹುಮಟ್ಟಿಗೆ ತಂದೆತಾಯಿಯ ಓದು ಮತ್ತು ದುಡಿಮೆಯನ್ನು ಅವಲಂಬಿಸಿದೆ. ಆಟಿಸಂ ಬರಲು ಮಾತ್ರ ಇವೆರಡೂ ಕಾರಣವಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ವಿವರಿಸಿದ 11 ಮಕ್ಕಳ ಪೋಷಕರು ಬಹುತೇಕ ಸುಶಿಕ್ಷಿತರಾಗಿದ್ದರು. ಇದು ಓದಿದವರ ಮನೆಯ ತೊಂದರೆ ಎಂಬ ತಪ್ಪು ತಿಳಿವಳಿಕೆ ಅಲ್ಲಿಂದ ದಶಕಗಳ ಕಾಲ ಉಳಿಯಿತು. ನಿಜವೆಂದರೆ, ಅಂಥ ವೈದ್ಯರ ಬಾಗಿಲಿಗೆ ಹೋಗಬಲ್ಲವರು ಆಗ ಹೆಚ್ಚಾಗಿ ಓದಿದವರೇ ಆಗಿದ್ದರು.

ಆರೈಕೆ ದಕ್ಕುವುದರಲ್ಲಿನ ಅಂತರ ಬೀದರ್ ಜಿಲ್ಲೆಯೊಳಗೇ ಕಾಣುತ್ತದೆ. ವೈದ್ಯಕೀಯ ಕಾಲೇಜು ಇರುವುದು ಬೀದರ್ ನಗರದಲ್ಲಿ. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿಯ 2002ರ ವರದಿ ಭಾಲ್ಕಿ, ಔರಾದ್ ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಭಾಲ್ಕಿಗೆ ರೈಲಾದರೂ ಇದೆ. ಔರಾದಿನವರಿಗೆ ಬಸ್ಸೇ ಗತಿ. ಕೂಲಿ ಮಾಡುವ ತಾಯಿ ಮಗುವನ್ನು ಮುಕ್ಕಾಲು ಗಂಟೆಯ ತರಬೇತಿಗೆ ಕರೆತಂದರೆ ಅಂದಿನ ಕೂಲಿ ಹೋಯಿತು. ಹಾರ್ನ್ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ತುಂಬಿದ ಬಸ್ಸಿನಲ್ಲಿ ಸಂತೈಸುವ ಕಷ್ಟ ಬೇರೆ.

ಮನೆಯಲ್ಲಿ ಮರಾಠಿ, ಓಣಿಯಲ್ಲಿ ದಖನಿ, ಅಂಗನವಾಡಿಯಲ್ಲಿ ಕನ್ನಡ: ಗಡಿಯ ಮಗು ಮೂರು ನುಡಿ ಕೇಳುತ್ತ ಬೆಳೆಯುವುದುಂಟು. ಮಾತು ಬಾರದಿದ್ದರೆ ಮನೆಯವರು ಭಾಷೆಗಳ ಕಲಬೆರಕೆಯನ್ನು ದೂರುತ್ತಾರೆ. ಇಲ್ಲವೇ ‘ಗಂಡು ಹುಡುಗ, ಮಾತು ತಡಾನೇ ಬರ್ತಾವ’ ಎಂದು ಕಾಯುತ್ತಾರೆ. ಹಲವು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ. ಹೆಸರು ಕರೆದರೆ ತಿರುಗದಿರುವುದು, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿರುವುದು ಒಂದೂವರೆ ವರ್ಷದ ಹೊತ್ತಿಗೇ ಗಮನಿಸಬೇಕಾದ ಗುರುತುಗಳು. ಕಾಯುತ್ತ ಕಳೆದ ವರ್ಷಗಳೇ ಕಲಿಕೆಗೆ ಅತಿ ಬೆಲೆಯುಳ್ಳವು.

ಓದು, ಆದಾಯದ ಪರಿಣಾಮ ತಿಳಿಯಲು ಪೋಷಕರ ಸ್ಥಿತಿ ಅಳೆಯಬೇಕು; ಅದಕ್ಕೆ ಪಟ್ಟಣಗಳಲ್ಲಿ ಕುಪ್ಪುಸ್ವಾಮಿ ಮಾಪಕ (1976) ಬಳಕೆಯಲ್ಲಿದೆ. ಮನೆಯ ಯಜಮಾನನ ಓದು, ಉದ್ಯೋಗ ಮತ್ತು ಕುಟುಂಬದ ತಿಂಗಳ ಆದಾಯ ಅದರ ಆಧಾರ. ಬೀದರ್ ನಗರದ ನೌಕರನಿಗೆ ಇದು ಹೊಂದುತ್ತದೆ. ತೊಗರಿ, ಉದ್ದು ಮಾರಿದಾಗಲಷ್ಟೇ ಕೈಗೆ ದುಡ್ಡು ಬರುವ ಔರಾದಿನ ರೈತನಿಗೆ ತಿಂಗಳ ಲೆಕ್ಕ ಕೇಳುವುದು ಸರಿಯಲ್ಲ. ಹೊಲ, ಮನೆ, ದನಕರುಗಳನ್ನು ಎಣಿಸುವ ಉದಯ್ ಪಾರೀಕ್ ಮಾಪಕ ಅಲ್ಲಿಗೆ ವಾಸಿ. ತಾಯಿಯ ಓದನ್ನು ಪ್ರತ್ಯೇಕವಾಗಿ ಕೇಳಲೇಬೇಕು, ಏಕೆಂದರೆ ಮಗುವನ್ನು ದಿನವಿಡೀ ನೋಡುವವಳು ಅವಳು. ಆರೈಕೆಗೆಂದು ಅವಳು ಕೆಲಸ ಬಿಟ್ಟರೆ ಖರ್ಚು ಏರುವ ಹೊತ್ತಿಗೇ ಆದಾಯ ಇಳಿಯುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವೆಚ್ಚ ಭರಿಸುತ್ತದೆ. ಅರ್ಜಿ ತುಂಬಲು ಬಾರದ ಕುಟುಂಬಕ್ಕೆ ಇವು ಸುಲಭವಾಗಿ ಎಟುಕುವುದಿಲ್ಲ. ಆದರೆ ಮನೆಯಲ್ಲೇ ಕಲಿಸುವ ವಿಧಾನಕ್ಕೆ ಹೆಚ್ಚಿನ ಓದು ಬೇಡ: ಮೊರದಲ್ಲಿ ತೊಗರಿ, ಉದ್ದು ಬೆರೆಸಿ, ಒಂದೊಂದನ್ನೇ ಹೆಸರಿಸುತ್ತ ಮಗುವಿನೊಂದಿಗೆ ಬೇರ್ಪಡಿಸುವುದನ್ನು ತಾಯಿಗೆ ಒಮ್ಮೆ ಮಾಡಿ ತೋರಿಸಿದರೆ ಸಾಕು.