ಬೆಳಕು ಹಾಕುವ ಕಲಾಯಿ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಮೊದಲು ಪಾತ್ರೆಯನ್ನು ಚೆನ್ನಾಗಿ ಕಾಯಿಸುತ್ತಾರೆ. ತವರ ಕರಗಿ ಒಳಮೈಗೆಲ್ಲ ಹರಡುತ್ತದೆ. ಕರಗಿದರೂ ತವರ ತವರವೇ. ಆದರೆ ಕಾಯಿಸಿದರೆ ಗುಣವೇ ಕೆಡುವ ವಸ್ತುವಿನಿಂದ ಕಲಾಯಿ ಹಾಕುವುದು ಹೇಗೆ? ಲೇಸರ್ ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ ಇದು.

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣ ಹೊರಡಿಸಿದರು. 1965ರಲ್ಲಿ ಸ್ಮಿತ್ ಮತ್ತು ಟರ್ನರ್ ಎಂಬ ವಿಜ್ಞಾನಿಗಳು ಅಂಥದೇ ಲೇಸರಿನಿಂದ ನಿರ್ವಾತದಲ್ಲಿ ವಸ್ತುಗಳನ್ನು ಆವಿಯಾಗಿಸಿ, ಆ ಆವಿಯನ್ನು ತೆಳುಪದರವಾಗಿ ಕೂರಿಸಿದರು. ಆದರೆ ಈ ವಿಧಾನಕ್ಕೆ ಹೆಸರು ಬಂದದ್ದು 1987ರಲ್ಲಿ. ಬೆಲ್‌ಕೋರ್ ಪ್ರಯೋಗಾಲಯದ ಟಿ. ವೆಂಕಟೇಶನ್ ಮತ್ತು ಸಂಗಡಿಗರು ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ಅತಿವಾಹಕದ ಪದರವನ್ನು ಹೀಗೆ ಪಡೆದರು.

ಮರುವರ್ಷವೇ ಪಾಲಿಮರ್‌ಗಳ ಮೇಲೂ ಈ ಪ್ರಯೋಗ ನಡೆಯಿತು. ತೊಡಕು ಎದುರಾದದ್ದು ಅಲ್ಲಿ. ಪಾಲಿಮರ್ ಎಂದರೆ ಸಣ್ಣ ಅಣುಗಳನ್ನು ಪೋಣಿಸಿದ ಉದ್ದನೆಯ ಮಾಲೆ. ಲೇಸರಿನ ಹೊಡೆತಕ್ಕೆ ಮಾಲೆ ತುಂಡಾಗುತ್ತದೆ. ಟೆಫ್ಲಾನಿನಂಥ ಕೆಲವು ಮಾತ್ರ ತುಂಡಾದರೂ ಫಲಕದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ.

ಈ ಮಾಲೆ ಉಳಿಯುವುದು ಎಷ್ಟು ಮುಖ್ಯ? ವಿಷಾನಿಲವನ್ನು ಗುರುತಿಸುವ ಸಂವೇದಕವನ್ನೇ ನೋಡಿ. ಅದರ ಮೇಲಿನ ಪಾಲಿಮರ್ ಪದರ ಅನಿಲವನ್ನು ಹೀರಿ ತುಸು ಭಾರವಾಗುತ್ತದೆ. ಆಗ ಉಪಕರಣದ ಕಂಪನದ ಲೆಕ್ಕ ಬದಲಾಗುತ್ತದೆ. ಪಾಲಿಮರ್ ಕೆಟ್ಟಿದ್ದರೆ ಅಥವಾ ಪದರ ಒಂದೇ ಸಮ ಇಲ್ಲದಿದ್ದರೆ ಎಚ್ಚರಿಕೆಯನ್ನು ನಂಬುವಂತಿಲ್ಲ. 1995ರಲ್ಲಿ ಟೋಕಿಯೋದ ಸುರಂಗ ರೈಲುಗಳಲ್ಲಿ ಸಾರಿನ್ ವಿಷ ಹರಡಿ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ನೆನೆದರೆ, ಇದು ಬರೀ ಪ್ರಯೋಗಾಲಯದ ಚಿಂತೆಯಲ್ಲ ಎಂಬುದು ತಿಳಿಯುತ್ತದೆ.

1990ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯ ಇಂಥ ಸಂವೇದಕಗಳಿಗಾಗಿಯೇ ಒಂದು ಉಪಾಯ ಹೂಡಿತು. ಪಾಲಿಮರನ್ನು ದ್ರಾವಕದಲ್ಲಿ ಕರಗಿಸುವುದು. ನೂರು ಪಾಲಿಗೆ ಒಂದೆರಡು ಪಾಲಿನಷ್ಟೇ. ಅದನ್ನು ದ್ರವ ಸಾರಜನಕದ ಚಳಿಯಲ್ಲಿ ಹೆಪ್ಪುಗಟ್ಟಿಸಿ, ಆ ಗಡ್ಡೆಯ ಮೇಲೆ ಲೇಸರ್ ಹಾಯಿಸುವುದು. ಹೊಡೆತದ ಬಹುಪಾಲನ್ನು ದ್ರಾವಕ ತಾನೇ ನುಂಗಿ ಆವಿಯಾಗುತ್ತದೆ, ಪಂಪು ಆ ಆವಿಯನ್ನು ಹೀರಿ ಹೊರಹಾಕುತ್ತದೆ. ಜೊತೆಗೆ ಹಾರಿದ ಪಾಲಿಮರ್ ಮಾತ್ರ ಫಲಕದ ಮೇಲೆ ಕೂರುತ್ತದೆ. ಈ ವಿಧಾನದ ಹೆಸರು 'ಮೇಪಲ್'.

ಇದಕ್ಕೂ ಮಿತಿಗಳುಂಟು. ಪಾಲಿಮರ್ ಬಿಡಿಬಿಡಿಯಾಗಿ ಅಲ್ಲದೆ ದ್ರಾವಕದೊಡನೆ ಉಂಡೆಯಾಗಿಯೂ ಹಾರುವುದರಿಂದ ಪದರ ಒರಟಾಗುತ್ತದೆ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಬೇರೆ ದಾರಿ ಹಿಡಿದು, ಪಾಲಿಮರಿನ ಸಹಜ ಕಂಪನಕ್ಕೆ ಹೊಂದುವ ಅತಿಗೆಂಪು ಲೇಸರ್ ಬಳಸಿದರು.

ಮೊದಲ ಲೇಸರುಗಳು ವಸ್ತುವನ್ನು ಸುಟ್ಟು ಹಾರಿಸುವ ಶಕ್ತಿಯಿಂದ ಬೆರಗು ಹುಟ್ಟಿಸಿದವು. ಅದೇ ಕಿರಣದಿಂದ ಕೆಡಿಸದೆ ಸಾಗಿಸುವುದನ್ನು ಕಲಿಯಲು ಮೂರು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು.