ಮಸ್ಕಿಯ ಬರಿದಾದ ಚಿನ್ನದ ಗುಂಡಿಗಳು

ನಮ್ಮ ಮಂಗಳೂರಿನ ಗುಡ್ಡಗಳ ಮೇಲೆ ಮುರಕಲ್ಲನ್ನು ಕಡಿದು ಬಿಟ್ಟ ಗುಂಡಿಗಳನ್ನು ಕಾಣದವರಿಲ್ಲ. ಮಳೆಗಾಲದಲ್ಲಿ ಅವು ನೀರು ತುಂಬಿ ಕೆರೆಗಳಾಗುತ್ತವೆ. ಆದರೆ ಅವುಗಳಿಂದ ಹೊರಬಂದ ಕಲ್ಲು ದೂರ ಹೋಗಿಲ್ಲ. ಮನೆಯ ಗೋಡೆಯಾಗಿ, ಬಾವಿಯ ಕಟ್ಟೆಯಾಗಿ ನಮ್ಮ ನಡುವೆಯೇ ನಿಂತಿದೆ. ತೆಗೆದ ವಸ್ತುವೆಲ್ಲ ಹೊರಟುಹೋಗಿ ಗುಂಡಿ ಮಾತ್ರವೇ ಉಳಿದ ಎಡೆಗಳೂ ಕನ್ನಡನಾಡಿನಲ್ಲಿ ಉಂಟು. ಅಂಥದೊಂದು ಎಡೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ರಾಯಚೂರು ಜಿಲ್ಲೆಯ ಮಸ್ಕಿ.

ಕೃಷ್ಣಾ ತುಂಗಭದ್ರೆಗಳ ನಡುವಣ ಆ ಸೀಮೆಯನ್ನು ಮರುಭೂಮಿಯೆಂದರೆ ಅತಿಶಯೋಕ್ತಿಯಾದೀತು. ಆದರೂ ವರ್ಷಕ್ಕೆ 130 ಅಂಗುಲಕ್ಕೂ ಮಿಕ್ಕು ಮಳೆ ಕಾಣುವ ನಮಗೆ, ಸುಮಾರು 25 ಅಂಗುಲ ಮಳೆಯಲ್ಲಿ ಬದುಕುವ ಆ ನೆಲ ಮರುಭೂಮಿಯಂತೆಯೇ ತೋರುವುದು ಸಹಜ. ಕರಿಯ ಹೊಲ, ಜಾಲಿಯ ಗಿಡ, ನಡುನಡುವೆ ಒಂದರ ಮೇಲೊಂದು ಒಟ್ಟಿದಂತಿರುವ ಬಂಡೆಗಳ ಗುಡ್ಡ. ಅಲ್ಲಿನ ದೃಶ್ಯವೆಂದರೆ ಇಷ್ಟೇ.

ಆ ನೆಲದ ಒಡಲಾದರೋ ಬಲು ಪ್ರಾಚೀನವಾದುದು. ಸುಮಾರು 250 ಕೋಟಿ ವರ್ಷಗಳಿಗೂ ಹಿಂದೆ ಅಗ್ನಿಶಿಲಾರಸವು ಹರಿದು ಗಟ್ಟಿಯಾಗಿ, ಮುಂದೆ ಒತ್ತಡ ತಾಪಗಳಿಂದ ರೂಪಾಂತರ ಹೊಂದಿ, ಪದರು ಪದರಾದ ಹಸುರು ಮಿಶ್ರಿತ ಕಪ್ಪು ಶಿಲೆಯಾಯಿತು. ಭೂಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟ್ ಅವರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಜಾತಿಯ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಈ ಶಿಲೆ ಬಿರುಕು ಬಿಟ್ಟ ಕಡೆಯಲ್ಲೆಲ್ಲ ಭೂಗರ್ಭದ ಬಿಸಿನೀರು ಏರಿಬಂದು, ತನ್ನಲ್ಲಿ ಕರಗಿದ್ದ ಬೆಣಚುಕಲ್ಲನ್ನೂ ಚಿನ್ನವನ್ನೂ ಅಲ್ಲಿ ಇಳಿಸಿತು. ಕಪ್ಪು ಕಲ್ಲಿನಲ್ಲಿ ಬಿಳಿಯ ಎಳೆಯಂತೆ ಹಾಯ್ದಿರುವ ಆ ಬೆಣಚಿನಲ್ಲಿ ಒಂದು ಟನ್ನಿಗೆ ದೊರೆಯುವುದು ಕೆಲವೇ ಗ್ರಾಂ ಚಿನ್ನ.

ಅಷ್ಟನ್ನು ಪಡೆಯಲು ಪ್ರಾಚೀನರು ಪಟ್ಟ ಪಾಡು ಊಹಿಸತಕ್ಕದ್ದು. ಸಿಡಿಮದ್ದಿಲ್ಲದ ಕಾಲ ಅದು. ಬಂಡೆಗೆ ಕಟ್ಟಿಗೆಯೊಟ್ಟಿ ಬೆಂಕಿಯಿಟ್ಟು, ಕಾದ ಕಲ್ಲಿನ ಮೇಲೆ ನೀರೆರೆದು, ಬಿರಿದ ಚೂರುಗಳನ್ನು ಕಿತ್ತು ತೆಗೆಯುತ್ತಿದ್ದರು. ಆ ಚೂರುಗಳನ್ನು ಬಂಡೆಯ ಮೇಲೆ ಕುಟ್ಟಿ ಅರೆದು, ಪುಡಿಯನ್ನು ನೀರಿನಲ್ಲಿ ತೊಳೆದು, ಅಡಿಗಿಳಿದ ಕಣಗಳನ್ನು ಆರಿಸುತ್ತಿದ್ದರು. ಕುಟ್ಟಿ ಕುಟ್ಟಿ ಬಟ್ಟಲಿನಂತೆ ಸವೆದ ಗುಳಿಗಳು ಈ ಸೀಮೆಯ ಬಂಡೆಗಳ ಮೇಲೆ ಉಳಿದುಕೊಂಡಿವೆ. ಮಸ್ಕಿಗೆ ಅನತಿದೂರದ ಹಟ್ಟಿಯಲ್ಲಿ ಹೀಗೆ ಬೆಂಕಿಯಿಂದ ತೋಡಿದ ಗುಂಡಿಗಳು 600 ಅಡಿಗೂ ಆಳಕ್ಕೆ ಇಳಿದಿರುವುದನ್ನು ಈಚಿನ ಗಣಿಗಾರರು ಕಂಡು ಬೆರಗಾದರು. ಅಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷ ಹಳೆಯವೆಂದು ಇಂಗಾಲದ ಪರೀಕ್ಷೆಯಿಂದ ತಿಳಿದುಬಂದಿದೆ. ಹೊಗೆ ತುಂಬಿದ ಆ ಪಾತಾಳದಲ್ಲಿ ಉಸಿರುಗಟ್ಟಿ ದುಡಿದವರು ಯಾರು? ಒಬ್ಬನ ಹೆಸರೂ ನಮಗೆ ಉಳಿದಿಲ್ಲ. ಅವರು ತೆಗೆದ ಚಿನ್ನವು ಯಾರ ಕಿರೀಟವಾಯಿತೋ, ಯಾವ ನಾಣ್ಯವಾಯಿತೋ ಹೇಳಬಲ್ಲವರಿಲ್ಲ.

ಪ್ರಾಚೀನರು ತೋಡಿ ಬಿಟ್ಟ ಗುಂಡಿಗಳೇ ಆಧುನಿಕ ಶೋಧಕರಿಗೆ ದಾರಿತೋರಿಸಿದವು. ಹಿಂದೆ ಚಿನ್ನ ಸಿಕ್ಕಿದ ಕಡೆ ಮುಂದೆಯೂ ಸಿಕ್ಕೀತೆಂಬುದು ಅವರ ಲೆಕ್ಕ. ಹಾಗೆ ನಿಜಾಮರ ರಾಜ್ಯಕ್ಕೆ ಸೇರಿದ್ದ ಮಸ್ಕಿಯಲ್ಲಿ ಸಂಚರಿಸುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರು 1915ರಲ್ಲಿ ದುರ್ಗದಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಬ್ರಾಹ್ಮೀ ಶಾಸನ. ವಿದ್ವಾಂಸರಾದ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಆ ಶಾಸನದ ಮಹತ್ವವೇನೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟನ್ನು ಒಡೆದಾಗ, ದೇಶದ ಶಿಲೆಗಳೂ ಸ್ತಂಭಗಳೂ ‘ದೇವಾನಂಪ್ರಿಯ ಪ್ರಿಯದರ್ಶಿ’ ಎಂಬ ಒಬ್ಬ ಅರಸನ ಮಾತನ್ನು ನುಡಿದವು. ಇವನೇ ಅಶೋಕನೆಂಬ ನಿರ್ಣಯವು ಸಿಂಹಳದ ಗ್ರಂಥಗಳ ಆಧಾರದಿಂದ ಆದುದೇ ಹೊರತು ಶಾಸನದಿಂದಲ್ಲ. ಅಶೋಕನೆಂಬ ಹೆಸರನ್ನೇ ಕಲ್ಲಿನಲ್ಲಿ ಮೊಟ್ಟಮೊದಲು ತೋರಿಸಿಕೊಟ್ಟುದು ಮಸ್ಕಿ. ಇದೇ ಹೆಸರುಳ್ಳ ಬೇರೆ ಶಾಸನಗಳು ಅನಂತರ ಬೆಳಕಿಗೆ ಬಂದವು. ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳಗಳ ಶಾಸನಗಳು ಅವುಗಳಲ್ಲಿ ಸೇರಿವೆ.

ಪಾಟಲಿಪುತ್ರದ ಚಕ್ರವರ್ತಿಯ ಆಜ್ಞೆ ಈ ಒಣನಾಡಿಗೆ ಬಂದುದೇಕೆ? ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಮೂಲಕ ಹೊರಟದ್ದು. ಆ ಸುವರ್ಣಗಿರಿ ಮಸ್ಕಿಯೇ ಎಂದು ಕೆಲವರೂ, ಕನಕಗಿರಿ ಎಂದು ಕೆಲವರೂ, ಆಂಧ್ರದ ಜೊನ್ನಗಿರಿ ಎಂದು ಮತ್ತೆ ಕೆಲವರೂ ವಾದಿಸಿರುವರು. ವಾದ ಹೇಗೇ ಇರಲಿ, ಮೌರ್ಯರ ದಕ್ಷಿಣದ ರಾಜಧಾನಿಯ ಹೆಸರಿನಲ್ಲಿಯೇ ಚಿನ್ನವಿರುವುದು ಗಮನಿಸತಕ್ಕ ಸಂಗತಿ. ಧರ್ಮವನ್ನು ಹೇಳಬಂದ ಅರಸನ ಅಧಿಕಾರಿಗಳಿಗೆ ಈ ನೆಲದ ಲೋಹದ ಅರಿವು ಇರಲಿಲ್ಲವೆಂದು ನಂಬುವುದು ಕಷ್ಟ.

ಆದರೆ ಮಸ್ಕಿಯ ಬಂಡೆ ಚಿನ್ನದ ಮಾತನ್ನು ಆಡುವುದಿಲ್ಲ. ಧರ್ಮದಲ್ಲಿ ನಿರತನಾದರೆ ಅಲ್ಪನಾದವನೂ ಈ ಶ್ರೇಯಸ್ಸನ್ನು ಪಡೆಯಬಲ್ಲನು. ಇದು ದೊಡ್ಡವರಿಗೆ ಮಾತ್ರ ಮೀಸಲೆಂದು ಬಗೆಯಬಾರದು ಎಂಬುದು ಅದರ ಸಾರಾಂಶ. ಬೆಣಚು ಕುಟ್ಟುವವರ ನಾಡಿನಲ್ಲಿ, ಅವರಿಗೆ ತಿಳಿಯದ ಲಿಪಿಯಲ್ಲಿ, ಅವರದಲ್ಲದ ಪ್ರಾಕೃತ ಭಾಷೆಯಲ್ಲಿ ಈ ಮಾತನ್ನು ಕೆತ್ತಲಾಯಿತು. ಯಾರಾದರೂ ಅದನ್ನು ಅವರಿಗೆ ಓದಿ ಹೇಳಿದರೇ? ಕೇಳಿದವನು ಮರುದಿನವೂ ಗುಂಡಿಗೆ ಇಳಿದಿರಬೇಕು.

ಹಟ್ಟಿಯ ಗಣಿ ಇಪ್ಪತ್ತನೆಯ ಶತಮಾನದಲ್ಲಿ ಒಮ್ಮೆ ಮುಚ್ಚಿ, 1947ರಲ್ಲಿ ಹೈದರಾಬಾದು ಗೋಲ್ಡ್ ಮೈನ್ಸ್ ಕಂಪೆನಿ ಸ್ಥಾಪನೆಯಾದ ಮೇಲೆ ಮತ್ತೆ ಚೇತರಿಸಿಕೊಂಡಿತು. ಇಂದಿಗೂ ಅಲ್ಲಿ ಚಿನ್ನ ತೆಗೆಯುತ್ತಿದ್ದಾರೆ. ಮಸ್ಕಿಯ ಹಳೆಯ ಗುಂಡಿಗಳಿಗೆ ಆ ಭಾಗ್ಯ ಬರಲಿಲ್ಲ. ಮಸ್ಕಿಗೆ ಹೋಗುವವರು ಅಶೋಕನ ಹೆಸರನ್ನು ನೋಡಿ ಹಿಂದಿರುಗುವುದು ವಾಡಿಕೆ, ಅದು ಯೋಗ್ಯವೂ ಹೌದು. ಹಿಂದಿರುಗುವ ಮೊದಲು ಬಂಡೆಗಳಲ್ಲಿ ಸವೆದ ಒಂದು ಬಟ್ಟಲುಗುಳಿಯನ್ನೂ ಹುಡುಕಿ, ಅದರಲ್ಲಿ ಕೈಯಿಟ್ಟು ನೋಡಬೇಕೆಂದು ನನ್ನ ಬಿನ್ನಹ. ಹೆಸರಿಲ್ಲದವರು ಬರೆದಿಟ್ಟ ಶಾಸನ ಅದೊಂದೇ.